ಲೋಕಲ್ ನಿಂತರೆ ಮುಂಬಯಿ ಏಕೆ ನಿಲ್ಲುತ್ತದೆ? ಎರಡನೇ ದಾರಿಯ ಲೆಕ್ಕ

ಮುಂಬಯಿಯಲ್ಲೂ ಒಂದು ಮೈಸೂರು ಕಾಲೊನಿ ಇದೆ. ಚೆಂಬೂರಿನ ಕಡೆಯ ಮೋನೊರೈಲು ನಿಲ್ದಾಣವೊಂದರ ಹೆಸರು ಅದು. ಊರಿನಿಂದ ಬಂದ ನೆಂಟರಿಗೆ ಆ ಫಲಕ ತೋರಿಸಿ ನಗುವುದು ಬಿಟ್ಟರೆ ನಮ್ಮಲ್ಲಿ ಹೆಚ್ಚಿನವರಿಗೆ ಅದರ ನೆನಪೇ ಇರುತ್ತಿರಲಿಲ್ಲ. 2025ರ ಆಗಸ್ಟ್ 19ರ ಸಂಜೆ ಮಾತ್ರ ಎಲ್ಲ ವಾಹಿನಿಗಳಲ್ಲೂ ಆ ಹೆಸರೇ ಓಡಿತು. ಮೈಸೂರು ಕಾಲೊನಿ ಮತ್ತು ಭಕ್ತಿ ಪಾರ್ಕ್ ನಡುವೆ, ಎತ್ತರದ ಕಾಂಕ್ರೀಟು ತೊಲೆಯ ಮೇಲೆ, ಮೋನೊರೈಲೊಂದು ನಿಂತುಬಿಟ್ಟಿತು. ಒಳಗೆ ಐನೂರಕ್ಕೂ ಹೆಚ್ಚು ಜನ. ಕರೆಂಟು ಹೋಯಿತು, ಏಸಿ ನಿಂತಿತು, ಹೊರಗೆ ಧಾರಾಕಾರ ಮಳೆ. ಅಗ್ನಿಶಾಮಕ ದಳದವರು ಏಣಿ ಹಚ್ಚಿ ಪ್ರಯಾಣಿಕರನ್ನು ಇಳಿಸಬೇಕಾಯಿತು.

ಆ ಗಾಡಿ ತಾಳಬಲ್ಲ ತೂಕ 104 ಟನ್; ಅಂದು ಅದು 109 ಟನ್ ಮುಟ್ಟಿತ್ತು, ಆ ಭಾರಕ್ಕೆ ವಿದ್ಯುತ್ ಪಟ್ಟಿಯ ಸಂಪರ್ಕ ತಪ್ಪಿತು ಎಂದು ಮೋನೊರೈಲು ನೋಡಿಕೊಳ್ಳುವ ಪ್ರಾಧಿಕಾರ ವಿವರಿಸಿತು. ಬೇರೆ ದಿನಗಳಲ್ಲಿ ಕೂರಲು ಜಾಗ ಸಿಗುತ್ತಿದ್ದ ಮೋನೊರೈಲಿಗೆ ಅಂದು ಅಷ್ಟು ಜನ ಬಂದದ್ದು ಪಕ್ಕದ ಹಾರ್ಬರ್ ಎಂಬ ಲೋಕಲ್ ರೈಲು ಮಾರ್ಗದಿಂದ. ಹಳಿಯ ಮೇಲೆ ನೀರು ನಿಂತು ಸಿಎಸ್‌ಎಂಟಿ (ದಕ್ಷಿಣ ತುದಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಮತ್ತು ಕುರ್ಲಾ ನಡುವೆ ಹಾರ್ಬರ್ ಲೋಕಲ್‌ಗಳು ಓಡುತ್ತಿರಲಿಲ್ಲ. ಸಿಎಸ್‌ಎಂಟಿಯಿಂದ ಥಾಣೆಯವರೆಗೆ ಮುಖ್ಯ ಮಾರ್ಗವೂ ಗಂಟೆಗಟ್ಟಲೆ ಬಂದಾಗಿತ್ತು.

ಮೊದಲ ದಾರಿ ಮುಚ್ಚಿತು, ಅದರ ಜನ ಎರಡನೆಯದರ ಮೇಲೆ ಬಿದ್ದರು, ಎರಡನೆಯದೂ ಕೂತಿತು. ಹಾಗಾದರೆ ಬದಲಿ ದಾರಿ ಎಂದು ಯಾವುದನ್ನು ಕರೆಯಬೇಕು? ಥಾಣೆಯ ಆಚಿನ ಡೊಂಬಿವಲಿಯಿಂದ ದಕ್ಷಿಣದ ಕೋಟೆ (ಫೋರ್ಟ್) ಪ್ರದೇಶಕ್ಕೆ ಹೋಗಿ ಬರುವ ನನ್ನಂಥವರಿಗೆ ಇದು ಪ್ರತಿ ಮಳೆಗಾಲದಲ್ಲೂ ಎದುರಾಗುವ ಪ್ರಶ್ನೆ. ಇದನ್ನು ಬುಡದಿಂದಲೇ ಬಿಡಿಸಿ ನೋಡೋಣ.

ಲೋಕಲ್ ಯಾವುದು, ಮೆಟ್ರೊ ಯಾವುದು

ಉಪನಗರ ರೈಲು ಎಂದು ಪತ್ರಿಕೆಗಳು ಬರೆಯುವುದನ್ನೇ ನಾವು ಲೋಕಲ್ ಎನ್ನುತ್ತೇವೆ. ದೂರದ ಊರಿಗೆ ಹೋಗುವ ಮೇಲ್ ಮತ್ತು ಎಕ್ಸ್‌ಪ್ರೆಸ್ ಗಾಡಿಗಳಿಗೂ ಇದಕ್ಕೂ ಮುಖ್ಯ ವ್ಯತ್ಯಾಸ, ಇದಕ್ಕೆ ಬೇರೆ ಎಂಜಿನ್ ಇಲ್ಲ. ಡಬ್ಬಿಗಳ ಅಡಿಯಲ್ಲೇ ಮೋಟಾರುಗಳಿವೆ. ಹಾಗಾಗಿ ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ಕೊನೆಯ ನಿಲ್ದಾಣದಲ್ಲಿ ಎಂಜಿನ್ ತಿರುಗಿಸುವ ಗೋಜಿಲ್ಲ. ಮೋಟರ್‌ಮನ್ ಈ ತುದಿಯಿಂದ ಆ ತುದಿಗೆ ಹೋದರೆ ಗಾಡಿ ಮರಳಿ ಹೊರಡುತ್ತದೆ. ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಓಡಿತು. ಮೊದಲ ವಿದ್ಯುತ್ ರೈಲು 1925ರ ಫೆಬ್ರುವರಿ 3ರಂದು ಕುರ್ಲಾಕ್ಕೆ ಬಂತು. ಇಂದು ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ಲೋಕಲ್ ಓಡಾಟಗಳು, 70 ಲಕ್ಷದ ಆಸುಪಾಸು ಪ್ರಯಾಣಗಳು.

ಮೆಟ್ರೊ ಇನ್ನೊಂದು ಜಾತಿ. ಅದರ ಹಳಿಯ ಮೇಲೆ ಬೇರೆ ಯಾವ ಗಾಡಿಯೂ ಬರುವುದಿಲ್ಲ. ನಿಲ್ದಾಣಗಳು ಹತ್ತಿರ ಹತ್ತಿರ, ಬಾಗಿಲು ಮುಚ್ಚದೆ ಗಾಡಿ ಕದಲುವುದಿಲ್ಲ. ಲೋಕಲ್‌ನ ವ್ಯಾಪ್ತಿ ದೊಡ್ಡದು. ಕಸಾರಾ, ಕರ್ಜತ್, ಡಹಾಣು ಎಂದು ನೂರು ಕಿಲೋಮೀಟರ್ ದಾಟಿ ಹೋಗುತ್ತದೆ. ಮೆಟ್ರೊ ನಗರದೊಳಗಿನ ಓಡಾಟಕ್ಕೆ, ಲೋಕಲ್ ನಗರವನ್ನೂ ಅದರ ಸುತ್ತಲಿನ ಊರುಗಳನ್ನೂ ಹೊಲಿಯುವುದಕ್ಕೆ. ಕಲ್ಯಾಣದ ಆಚೆ ಮನೆ ಮಾಡಿದವನಿಗೆ ಮೆಟ್ರೊ ಎಷ್ಟೇ ಬಂದರೂ ಲೋಕಲ್ ಬೇಕೇ ಬೇಕು.

ಅಡ್ಡ ದಾರಿಗಳಿಲ್ಲದ ಬಾಚಣಿಗೆ

ಮುಂಬಯಿಯ ನಕ್ಷೆಯನ್ನು ನೋಡಿದರೆ ಊರು ಸಮುದ್ರಕ್ಕೆ ಚಾಚಿದ ಕೈಯಂತಿದೆ. ಉದ್ದ ಹೆಚ್ಚು, ಅಗಲ ಕಡಿಮೆ. ಬಂದರು, ಬ್ಯಾಂಕು, ಕಚೇರಿ ಎಲ್ಲ ಒಂದು ಕಾಲದಲ್ಲಿ ಬೆರಳ ತುದಿಯಲ್ಲಿ, ಅಂದರೆ ದಕ್ಷಿಣದಲ್ಲಿ, ಇದ್ದವು. ಹಳಿಗಳೂ ಹಾಗೆಯೇ ಉತ್ತರದಿಂದ ದಕ್ಷಿಣಕ್ಕೆ ಹರಿದವು. ಪಶ್ಚಿಮ ಮಾರ್ಗ ಚರ್ಚ್‌ಗೇಟ್‌ನಿಂದ ವಿರಾರ್ ಕಡೆಗೆ. ಮಧ್ಯ ಮಾರ್ಗ, ಅಂದರೆ ನಾವು ಮುಖ್ಯ ಮಾರ್ಗ ಎನ್ನುವುದು, ಸಿಎಸ್‌ಎಂಟಿಯಿಂದ ಕಲ್ಯಾಣಕ್ಕೆ, ಅಲ್ಲಿ ಎರಡಾಗಿ ಒಡೆದು ಕಸಾರಾ ಮತ್ತು ಕರ್ಜತ್ ಕಡೆಗೆ. ಹಾರ್ಬರ್ ಮಾರ್ಗ ವಡಾಳಾ, ಕುರ್ಲಾ ದಾಟಿ ಖಾರಿಯ ಆಚೆ ಪನ್ವೇಲ್‌ಗೆ. ಅದರದೇ ಒಂದು ಕವಲು ಅಂಧೇರಿ, ಗೋರೆಗಾಂವ್‌ಗೆ.

ಬಾಚಣಿಗೆಯ ಹಲ್ಲುಗಳಂತೆ ಉದ್ದುದ್ದ ಗೆರೆಗಳು, ಅವನ್ನು ಜೋಡಿಸುವ ಅಡ್ಡ ಗೆರೆಗಳು ಬಹಳ ಕಡಿಮೆ. 2014ರ ಜೂನ್‌ವರೆಗೆ ಮಧ್ಯ ಮಾರ್ಗದ ಘಾಟ್ಕೋಪರಿನವನು ರೈಲಿನಲ್ಲಿ ಪಶ್ಚಿಮ ಮಾರ್ಗದ ಅಂಧೇರಿಗೆ ಹೋಗಬೇಕಾದರೆ ದಕ್ಷಿಣಕ್ಕೆ ದಾದರ್‌ವರೆಗೆ ಇಳಿದು, ಸೇತುವೆ ಹತ್ತಿ ಪಶ್ಚಿಮ ಮಾರ್ಗಕ್ಕೆ ದಾಟಿ, ಮತ್ತೆ ಉತ್ತರಕ್ಕೆ ಹೋಗಬೇಕಿತ್ತು. ಮೂಗು ಹಿಡಿಯಲು ತಲೆಯ ಸುತ್ತ ಕೈ ತಂದಂತೆ. ಆ ತಿಂಗಳು ವರ್ಸೋವಾ–ಅಂಧೇರಿ–ಘಾಟ್ಕೋಪರ್ ಮೆಟ್ರೊ ಶುರುವಾಯಿತು. ಬರೀ 11.4 ಕಿಲೋಮೀಟರ್. ಆದರೆ ಎರಡು ಹಲ್ಲುಗಳ ನಡುವೆ ಬಿದ್ದ ಮೊದಲ ಮೆಟ್ರೊ ಕೊಂಡಿ ಅದು. ಇದರ ಬೆಲೆ ದಿನನಿತ್ಯಕ್ಕಿಂತ ಮಧ್ಯ ಮಾರ್ಗ ಕೆಟ್ಟ ದಿನ ಹೆಚ್ಚು ತಿಳಿಯುತ್ತದೆ.

ಊಟದ ಪಂಕ್ತಿ ಮತ್ತು ಕೆಂಪು ಸಿಗ್ನಲ್

ಒಂದು ಲೋಕಲ್ ಅರ್ಧ ಗಂಟೆ ನಿಂತರೆ ಸಂಜೆಯವರೆಗೂ ಗಾಡಿಗಳು ತಡವಾಗುತ್ತವೆ. ನಿಂತದ್ದು ಅರ್ಧ ಗಂಟೆ ತಾನೇ?

ನಮ್ಮ ಮದುವೆ ಮನೆಯ ಊಟ ನೆನಪಿಸಿಕೊಳ್ಳಿ. ಮೊದಲ ಪಂಕ್ತಿ ಏಳಬೇಕು, ಎಲೆ ತೆಗೆಯಬೇಕು, ಮೇಜು ಒರೆಸಬೇಕು, ಆಮೇಲೆ ಎರಡನೇ ಪಂಕ್ತಿ. ಮೊದಲ ಪಂಕ್ತಿಯ ಯಜಮಾನರೊಬ್ಬರು ಪಾಯಸದ ಮೇಲೆ ಪಾಯಸ ಹಾಕಿಸಿಕೊಂಡು ಕೂತರೆ, ಕುರ್ಚಿಯ ಹಿಂದೆ ಕೈಕಟ್ಟಿ ನಿಂತವರು ಬರೀ ನೋಡಬೇಕು. ಹಳಿಯ ವ್ಯವಸ್ಥೆಯೂ ಹೀಗೆಯೇ. ಹಳಿಯನ್ನು ತುಂಡು ತುಂಡಾಗಿ ವಿಂಗಡಿಸಿದ್ದಾರೆ. ಒಂದು ತುಂಡಿನಲ್ಲಿ ಗಾಡಿ ಇರುವಷ್ಟು ಹೊತ್ತು ಹಿಂದಿನ ಸಿಗ್ನಲ್ ಕೆಂಪು. ದಟ್ಟಣೆಯ ಹೊತ್ತಿನಲ್ಲಿ ಮೂರು–ನಾಲ್ಕು ನಿಮಿಷಕ್ಕೊಂದು ಗಾಡಿ ಬರುತ್ತದೆ. ಹಾಗಾಗಿ ಅರ್ಧ ಗಂಟೆಯಲ್ಲಿ ಎಂಟೋ ಹತ್ತೋ ಗಾಡಿಗಳು ಹಿಂದೆ ಸಾಲುಗಟ್ಟುತ್ತವೆ, ಪ್ರತಿಯೊಂದರಲ್ಲೂ ಸಾವಿರಾರು ಜನ.

ಹಾಗಾದರೆ ಪಕ್ಕದ ಹಳಿಗೆ ತಿರುಗಿಸಬಾರದೇ? ಮುಖ್ಯ ಮಾರ್ಗದಲ್ಲಿ ನಾಲ್ಕು ಹಳಿಗಳಿವೆ. ಹೋಗಲು ಬರಲು ಎರಡು ಸ್ಲೋ, ಎರಡು ಫಾಸ್ಟ್. ಸ್ಲೋ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುತ್ತದೆ, ಫಾಸ್ಟ್ ಆಯ್ದವುಗಳಲ್ಲಿ ಮಾತ್ರ. ಒಂದು ಹಳಿಯಿಂದ ಇನ್ನೊಂದಕ್ಕೆ ದಾಟಲು ಕತ್ತರಿಯಂತಹ ಜೋಡಣೆ ಬೇಕು. ಅದು ಎಲ್ಲ ಕಡೆ ಇರುವುದಿಲ್ಲ, ಕೆಲವು ನಿಲ್ದಾಣಗಳ ಬಳಿ ಮಾತ್ರ. ದಾಟಿದರೂ ಪಕ್ಕದ ಹಳಿಯಲ್ಲಿ ಮೊದಲೇ ಮೂರು–ನಾಲ್ಕು ನಿಮಿಷಕ್ಕೊಂದು ಗಾಡಿ ಇದೆ. ತುಂಬಿದ ಪಂಕ್ತಿಗೆ ಇನ್ನೊಂದು ಪಂಕ್ತಿಯನ್ನು ನುಗ್ಗಿಸಿದಂತಾಗುತ್ತದೆ.

ಇನ್ನೊಂದು ತೊಡಕು ಪ್ರಯಾಣಿಕರ ಕಣ್ಣಿಗೆ ಬೀಳುವುದಿಲ್ಲ. ಡಬ್ಬಿಗಳ ಒಂದು ಜೋಡಣೆಗೆ ರೇಕ್ ಎನ್ನುತ್ತಾರೆ. ಬೆಳಿಗ್ಗೆ ಸಿಎಸ್‌ಎಂಟಿ ಸೇರಿದ ರೇಕ್ ಕೆಲವೇ ನಿಮಿಷಗಳಲ್ಲಿ ಬೇರೆ ಹೆಸರು ಹೊತ್ತು ಹಿಂದಿರುಗಬೇಕು, ಮಧ್ಯಾಹ್ನ ಇನ್ನೊಂದು ಹೆಸರು. ಒಂದೇ ಅಂಗಿಯನ್ನು ಅಣ್ಣ, ತಮ್ಮ, ಭಾವ ಸರದಿಯಲ್ಲಿ ತೊಟ್ಟಂತೆ. ಅಣ್ಣ ಮನೆಗೆ ಬರುವುದು ತಡವಾದರೆ ಭಾವನ ಮೆರವಣಿಗೆಯೂ ತಡ.

ನೀರಿಗೂ ಸಿಗ್ನಲಿಗೂ ಏನು ಸಂಬಂಧ

ಸಿಗ್ನಲ್ ವ್ಯವಸ್ಥೆಯ ಮೂಲ ನಿಯಮ, ಅನುಮಾನ ಬಂದರೆ ಕೆಂಪು. ಹಲವು ಕಡೆ ಗಾಡಿ ಎಲ್ಲಿದೆ ಎಂದು ಗುರುತಿಸಲು ಹಳಿಯಲ್ಲೇ ಸಣ್ಣ ವಿದ್ಯುತ್ ಹರಿಸುತ್ತಾರೆ. ಗಾಲಿ ಬಂದಾಗ ಅದು ಅಡ್ಡವಾಗಿ ಹರಿದು, ಇಲ್ಲಿ ಗಾಡಿ ಇದೆ ಎಂದು ತಿಳಿಸುತ್ತದೆ. ನೀರು ನಿಂತಾಗಲೂ ವಿದ್ಯುತ್ ಸೋರುತ್ತದೆ; ವ್ಯವಸ್ಥೆ ಅದನ್ನೇ ಗಾಡಿ ಎಂದು ತಿಳಿದು ಕೆಂಪು ತೋರಿಸುತ್ತದೆ. ಹಳಿ ತಿರುಗಿಸುವ ಯಂತ್ರಗಳು ನೆಲಮಟ್ಟದಲ್ಲಿವೆ, ಲೋಕಲ್‌ನ ಮೋಟಾರುಗಳು ಡಬ್ಬಿಯ ಅಡಿಯಲ್ಲಿವೆ. ನೀರು ಹಳಿಯನ್ನು ಮುಳುಗಿಸಿ ಮೇಲೇರಿದರೆ ಓಡಿಸದಿರುವುದೇ ಸರಿ. ಕುರ್ಲಾ, ಸಾಯನ್ ಸುತ್ತಲಿನ ನೆಲ ತಗ್ಗು, ಪಕ್ಕದಲ್ಲೇ ಮೀಠಿ ನದಿ. ಕಡಲ ಭರತದ ಹೊತ್ತಿಗೆ ಜೋರು ಮಳೆಯಾದರೆ ನೀರು ಸಮುದ್ರಕ್ಕೆ ಇಳಿಯಲು ದಾರಿ ಕಾಣದೆ ಹಿಂದೆ ನಿಲ್ಲುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಮುಂಬಯಿಯ ಯಾವ ಕುಟುಂಬವೂ ಮರೆತಿಲ್ಲ. ಮುಖ್ಯ ಮಾರ್ಗ ಮತ್ತು ಹಾರ್ಬರ್ ಎರಡೂ ಕುರ್ಲಾದಲ್ಲಿ ಅಕ್ಕಪಕ್ಕ. ಅಲ್ಲಿ ನೀರು ನಿಂತರೆ ಎರಡು ಹಲ್ಲುಗಳು ಒಟ್ಟಿಗೇ ಮುರಿಯುತ್ತವೆ. ಆಗಸ್ಟ್ 19ರಂದು ಆದದ್ದು ಅದೇ.

ಬಸ್ಸು ಬಿಟ್ಟರೆ ಸಾಲದೇ?

ಲೋಕಲ್ ಕೈಕೊಟ್ಟಾಗ ಹೆಚ್ಚುವರಿ ಬಸ್ ಓಡಿಸುವ ಪ್ರಕಟಣೆ ಬರುತ್ತದೆ. ಒಳ್ಳೆಯದೇ. ಆದರೆ ಲೆಕ್ಕ ಹಾಕಿ ನೋಡಿ. ಹನ್ನೆರಡು ಡಬ್ಬಿಯ ಲೋಕಲ್ ದಟ್ಟಣೆಯ ಹೊತ್ತಿನಲ್ಲಿ ಸುಮಾರು 4,500 ಜನರನ್ನು ಹೊರುತ್ತದೆ ಎಂದುಕೊಳ್ಳೋಣ. ನಾಲ್ಕು ನಿಮಿಷಕ್ಕೊಂದರಂತೆ ಗಂಟೆಗೆ ಹದಿನೈದು ಗಾಡಿ. ಒಂದೇ ಹಳಿಯಲ್ಲಿ, ಒಂದೇ ದಿಕ್ಕಿನಲ್ಲಿ, 67,500 ಜನ. ಬಸ್ಸಿಗೆ ನಿಂತವರೂ ಸೇರಿ 65 ಜನರೆಂದರೆ ಸಾವಿರಕ್ಕೂ ಮಿಕ್ಕಿ ಬಸ್ಸುಗಳು ಬೇಕು. ಅಷ್ಟು ಬಸ್ಸು ಒಂದು ಗಂಟೆಯಲ್ಲಿ ಒಂದು ರಸ್ತೆಯಲ್ಲಿ ಹೋಗಬೇಕಾದರೆ ಪ್ರತಿ ಮೂರೂವರೆ ಸೆಕೆಂಡಿಗೆ ಒಂದು. ಮಳೆಯಲ್ಲಿ, ಸಾಯನ್ ವೃತ್ತದಲ್ಲಿ!

ಮೋನೊರೈಲು ಒಂದು ಓಟಕ್ಕೆ ಸುಮಾರು 560 ಜನರನ್ನು ಒಯ್ಯಬಲ್ಲದು. ಒಂದು ಲೋಕಲ್‌ನ ಜನ ಎಂಟು ಮೋನೊರೈಲಿಗೆ ಆಗುತ್ತಾರೆ. ಆಗಸ್ಟ್ 19ರ ಸಂಜೆ ಅರ್ಥವಾಗಲು ಈ ಒಂದು ಭಾಗಾಕಾರ ಸಾಕು. ಮುಂದಿನ ತಿಂಗಳು, ಸುಧಾರಣೆಯ ಕೆಲಸಕ್ಕೆಂದು, ಮೋನೊರೈಲಿನ ಓಡಾಟವನ್ನೇ ನಿಲ್ಲಿಸಲಾಯಿತು.

ನಿಜವಾಗಿ ಹೇಳಬೇಕಾದರೆ ಲೋಕಲ್ ಎಂಬುದು ತನ್ನ ಮಿತಿಯನ್ನೂ ಎಂದೋ ದಾಟಿದೆ. ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ನಿಂತು ಹೋಗುವ ಸ್ಥಿತಿಗೆ ರೈಲ್ವೆಯವರೇ ಒಂದು ಹೆಸರಿಟ್ಟಿದ್ದಾರೆ, ಸೂಪರ್ ಡೆನ್ಸ್ ಕ್ರಶ್ ಲೋಡ್. ನಾಲ್ಕು ಪಾದದ ಗುರುತು ಮೂಡಿಸಲು ಜಾಗವಿಲ್ಲದಲ್ಲಿ ಹದಿನಾರು ಜನರ ಚೀಲ, ಕೊಡೆ, ಡಬ್ಬಿ. 2025ರ ಜೂನ್ 9ರ ಬೆಳಿಗ್ಗೆ ದೀವಾ ಮತ್ತು ಮುಂಬ್ರಾ ನಡುವಿನ ತಿರುವಿನಲ್ಲಿ ಎರಡು ಲೋಕಲ್‌ಗಳು ಪಕ್ಕಪಕ್ಕದ ಹಳಿಗಳಲ್ಲಿ ಎದುರುಬದುರಾಗಿ ಹಾದುಹೋಗುವಾಗ ಬಾಗಿಲಲ್ಲಿ ನೇತಾಡುತ್ತಿದ್ದವರು ಕೆಳಗೆ ಬಿದ್ದು ನಾಲ್ವರು ಅಂದೇ ತೀರಿಕೊಂಡರು. ಅಂದು ಮಳೆ ಇರಲಿಲ್ಲ, ಸಿಗ್ನಲ್ ಕೆಟ್ಟಿರಲಿಲ್ಲ. ಅದು ಒಂದು ಸಾಮಾನ್ಯ ಸೋಮವಾರ. ಆದ್ದರಿಂದ ಎರಡನೇ ದಾರಿ ಅವಘಡದ ದಿನಕ್ಕಷ್ಟೇ ಬೇಕು ಎಂದು ನನಗೆ ಅನಿಸುವುದಿಲ್ಲ.

ನಮ್ಮ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಬೆಳಿಗ್ಗೆ ಒಂದು ವಿಚಿತ್ರ ಕಾಣುತ್ತದೆ. ಮುಂಬಯಿಗೆ ಹೋಗಬೇಕಾದ ಜನ ಎದುರು ದಿಕ್ಕಿನ, ಕಲ್ಯಾಣದ ಕಡೆಗೆ ಹೋಗುವ ಗಾಡಿ ಹತ್ತುತ್ತಾರೆ. ಅಲ್ಲಿ ಗಾಡಿ ಹಿಂದಿರುಗುತ್ತದೆ, ಕೂತವರು ಏಳುವುದೇ ಇಲ್ಲ. ಸೀಟಿಗಾಗಿ ಹಿಂದಕ್ಕೆ ಹೋಗಿ ಮುಂದಕ್ಕೆ ಬರುವ ಯಾತ್ರೆ. ಪಕ್ಕದ ಕಟ್ಟಡದ ನಿವೃತ್ತ ಹೋಟೆಲ್ ಮ್ಯಾನೇಜರ್ ಶೆಟ್ಟರು ಇದನ್ನು ಇಪ್ಪತ್ತು ವರ್ಷ ಮಾಡಿದವರು. "ಸೀಟು ಸಿಕ್ಕಿದರೆ ಅರ್ಧ ಸಂಬಳ ಸಿಕ್ಕಿದ ಹಾಗೆ ಮಾರಾಯರೇ" ಎನ್ನುತ್ತಾರೆ.

ಭಾನುವಾರದ ಪಾಠ

ಎರಡನೇ ದಾರಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾವು ಭಾನುವಾರಗಳಲ್ಲಿ ನೋಡುತ್ತೇವೆ, ಬೈದುಕೊಂಡೇ. ಅದರ ಹೆಸರು ಮೆಗಾ ಬ್ಲಾಕ್. ಹಳಿ, ತಂತಿ, ಸಿಗ್ನಲ್ ದುರಸ್ತಿಗೆ ಬೆಳಿಗ್ಗೆಯಿಂದ ಸಂಜೆಯ ಹೊತ್ತಿನವರೆಗೆ ಒಂದು ಜೋಡಿ ಹಳಿಯನ್ನು ಮುಚ್ಚುತ್ತಾರೆ. ಮುಖ್ಯ ಮಾರ್ಗದಲ್ಲಿ ಎಷ್ಟೋ ಸಲ ಅದು ಮಾಟುಂಗಾ–ಮುಲುಂಡ್ ನಡುವೆಯೇ ಬರುತ್ತದೆ, ನಮ್ಮ ಕರ್ನಾಟಕ ಸಂಘವೂ ಮೈಸೂರು ಅಸೋಸಿಯೇಷನ್ನೂ ಇರುವ ಮಾಟುಂಗಾ! ಭಾನುವಾರದ ಕಾರ್ಯಕ್ರಮಗಳು ಅರ್ಧ ಗಂಟೆ ತಡವಾಗಿ ಶುರುವಾಗುವುದಕ್ಕೆ ಸಂಘಟಕರು ಕೊಡುವ ಕಾರಣಗಳಲ್ಲಿ ಇದೊಂದು ಮಾತ್ರ ನಿಜವಾದದ್ದು.

ಆ ಹೊತ್ತಿನಲ್ಲಿ ಫಾಸ್ಟ್ ಗಾಡಿಗಳನ್ನು ಸ್ಲೋ ಹಳಿಗೆ ತಿರುಗಿಸುತ್ತಾರೆ. ಪ್ರಯಾಣ ಹತ್ತು ಹದಿನೈದು ನಿಮಿಷ ತಡವಾಗುತ್ತದೆ, ಆದರೆ ನಿಲ್ಲುವುದಿಲ್ಲ. ಭಾನುವಾರ ಜನ ಕಡಿಮೆ, ಗಾಡಿ ಕಡಿಮೆ, ಪಕ್ಕದ ಹಳಿಯಲ್ಲಿ ಜಾಗ ಇದೆ. ತಿರುವು ಎಲ್ಲಿ ಎಂಬುದು ಮೊದಲೇ ಗೊತ್ತಿದೆ, ಜನರಿಗೂ ತಿಳಿಸಲಾಗಿದೆ. ಈ ಮೂರನ್ನು ಗಮನಿಸಿ: ಖಾಲಿ ಜಾಗ, ದಾಟುವ ಜಾಗ, ಮುಂಚಿತ ಸುದ್ದಿ. ಇದೇ ತಿರುವನ್ನು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮಾಡಿದರೆ ಮೊದಲನೆಯದು ಇಲ್ಲ, ಎಲ್ಲವೂ ಕುಸಿಯುತ್ತದೆ.

ಯಾವ ಕೊಂಡಿ ಬಂದಿದೆ, ಯಾವುದು ಬರಬೇಕು

ಹಾಗಾದರೆ ಖಾಲಿ ಜಾಗವನ್ನೂ ದಾಟುವ ಜಾಗವನ್ನೂ ಸೃಷ್ಟಿಸಲು ಏನು ನಡೆದಿದೆ? ದೂರದ ಗಾಡಿಗಳನ್ನು ಲೋಕಲ್ ಹಳಿಯಿಂದ ಬೇರ್ಪಡಿಸುವುದು ಒಂದು ಬಗೆ. ಥಾಣೆ–ದೀವಾ ನಡುವೆ ಐದನೇ ಮತ್ತು ಆರನೇ ಹಳಿ 2022ರಲ್ಲಿ ಸಿದ್ಧವಾದವು. ಕುರ್ಲಾದಿಂದ ದಕ್ಷಿಣಕ್ಕೆ ಮಾತ್ರ ಆ ಎರಡು ಹಳಿಗಳು ಇನ್ನೂ ಆಗಬೇಕಿವೆ, ಅಲ್ಲಿ ಮೇಲ್ ಗಾಡಿಯೂ ಲೋಕಲ್ಲೂ ಒಂದೇ ಓಣಿಯಲ್ಲಿ ನುಗ್ಗಬೇಕು. ಆ ಹಳಿಗಳಿಗೆ ಎಡೆಮಾಡಲು ಸಾಯನ್‌ನ ಹಳೆಯ ರಸ್ತೆ ಸೇತುವೆಯನ್ನು 2024ರ ಆಗಸ್ಟ್‌ನಲ್ಲಿ ಮುಚ್ಚಲಾಯಿತು. ರೈಲಿನ ಎರಡನೇ ದಾರಿಗೆ ರಸ್ತೆಯ ಎರಡನೇ ದಾರಿ ಬಲಿ! ಊರು ಇಕ್ಕಟ್ಟಾದರೆ ಹೀಗೆಯೇ.

ಗಾಡಿಗಳ ನಡುವಿನ ಅಂತರ ತಗ್ಗಿಸುವುದು ಇನ್ನೊಂದು ಬಗೆ. ಹಳಿಯನ್ನು ತುಂಡು ಮಾಡುವ ಬದಲು ಪ್ರತಿ ಗಾಡಿಯೂ ಮುಂದಿನ ಗಾಡಿ ಎಷ್ಟು ದೂರದಲ್ಲಿದೆ ಎಂಬುದನ್ನು ರೇಡಿಯೊ ಮೂಲಕ ಅರಿತು ಓಡುವ ವ್ಯವಸ್ಥೆ ಮುಂಬಯಿ ನಗರ ಸಾರಿಗೆ ಯೋಜನೆಯ ಪಟ್ಟಿಯಲ್ಲಿದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಅಡ್ಡ ಕೊಂಡಿಗಳು. ಥಾಣೆಯಿಂದ ವಾಶಿಗೆ ಹೋಗುವ ಟ್ರಾನ್ಸ್ ಹಾರ್ಬರ್ ಮಾರ್ಗ 2004ರಿಂದ ಇದೆ. ಆದರೆ ಕಲ್ಯಾಣ, ಡೊಂಬಿವಲಿಯಿಂದ ನವಿಮುಂಬಯಿಗೆ ಹೋಗುವವರೆಲ್ಲ ಥಾಣೆಯಲ್ಲಿ ಇಳಿದು ಗಾಡಿ ಬದಲಿಸಬೇಕು. ಬೆಳಗಿನ ಥಾಣೆಯ ಸೇತುವೆಗಳ ಮೇಲಿನ ನೂಕುನುಗ್ಗಲಿನಲ್ಲಿ ಇವರ ಪಾಲು ದೊಡ್ಡದು. ಥಾಣೆಗೆ ಮೊದಲೇ ಸಿಗುವ ಕಲ್ವಾದಿಂದ ನವಿಮುಂಬಯಿಯ ಐರೋಲಿಗೆ ಮೇಲ್ಸೇತುವೆಯ ಹಳಿ ಬಂದರೆ ಥಾಣೆಗೆ ಹೋಗುವ ಅಗತ್ಯವೇ ಇಲ್ಲ. ಅದರ ಭಾಗವಾಗಿ ದೀಘಾ ಗಾಂವ್ ನಿಲ್ದಾಣ 2024ರ ಜನವರಿಯಲ್ಲಿ ತೆರೆಯಿತು. ಹಳಿಯ ದಾರಿಯಲ್ಲಿ ವಾಸಿಸುವ ಕುಟುಂಬಗಳಿಗೆ ಬೇರೆ ಮನೆ ಒದಗಿಸುವ ಪ್ರಶ್ನೆಯಲ್ಲಿ ಉಳಿದ ಕೆಲಸ ತಡವಾಗುತ್ತ ಬಂದಿದೆ. ಪನ್ವೇಲ್–ಕರ್ಜತ್ ನಡುವೆ ಸುಮಾರು 30 ಕಿಲೋಮೀಟರಿನ ಹೊಸ ಲೋಕಲ್ ಮಾರ್ಗದ ಯೋಜನೆಯೂ ಇದೇ ಬಗೆಯದು. ಕರ್ಜತ್‌ನವರಿಗೆ ಕಲ್ಯಾಣದ ಹಂಗಿಲ್ಲದೆ ಮುಂಬಯಿ ಸೇರುವ ದಾರಿ ಅದು.

ಹಳಿ ಇದ್ದೂ ಗಾಡಿ ವಿರಳವಾದ ಕೊಂಡಿ ನಮ್ಮ ಮಗ್ಗುಲಲ್ಲೇ ಇದೆ. ಡೊಂಬಿವಲಿಯ ಮುಂದಿನ ನಿಲ್ದಾಣ ಕೋಪರ್‌ನಲ್ಲಿ ಎರಡು ಮಟ್ಟ. ಕೆಳಗೆ ಮುಖ್ಯ ಮಾರ್ಗ, ಮೆಟ್ಟಿಲು ಹತ್ತಿದರೆ ಮೇಲೆ ವಸಯಿ–ದೀವಾ–ಪನ್ವೇಲ್ ಹಳಿ. ಪಶ್ಚಿಮ, ಮಧ್ಯ, ಹಾರ್ಬರ್ ಮೂರನ್ನೂ ಊರಿನ ಹೊರಗಿನಿಂದಲೇ ಹೊಲಿಯುವ ದಾರಿ. ಸರಕು ಗಾಡಿಗಳೇ ಹೆಚ್ಚು, ಪ್ರಯಾಣಿಕರ ಗಾಡಿ ಬೆರಳೆಣಿಕೆಯಷ್ಟು. ಕೆಳಗೆ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ ಮೇಲಿನ ಪ್ಲಾಟ್‌ಫಾರ್ಮಿನಲ್ಲಿ ನಾಯಿಯೊಂದು ಉದ್ದಕ್ಕೆ ಮಲಗಿರುವುದನ್ನು ನಾನು ನೋಡಿದ್ದೇನೆ.

ಮೆಟ್ರೊ 3, ಆರೆಯಿಂದ ಕಫ್ ಪರೇಡ್‌ವರೆಗಿನ 33.5 ಕಿಲೋಮೀಟರ್ ನೆಲದಡಿಯ ಮಾರ್ಗ, 2025ರ ಅಕ್ಟೋಬರ್‌ನಲ್ಲಿ ಪೂರ್ಣವಾಗಿ ತೆರೆಯಿತು. ಮರೋಲ್ ನಾಕಾದಲ್ಲಿ ಅದು ಘಾಟ್ಕೋಪರ್ ಮೆಟ್ರೊವನ್ನು ಸಂಧಿಸುತ್ತದೆ. ಇದರಿಂದ ಕುರ್ಲಾ ಮುಳುಗಿದರೂ ಘಾಟ್ಕೋಪರ್‌ನಿಂದ ದಕ್ಷಿಣಕ್ಕೆ ಒಂದು ದಾರಿ ಉಳಿಯುತ್ತದೆ. ನೆಲದಡಿ ಎಂದ ಮಾತ್ರಕ್ಕೆ ನೀರಿನ ಭಯವಿಲ್ಲ ಎಂದಲ್ಲ. 2025ರ ಮೇ 26ರ ಮಳೆಗೆ ಅದರ ಆಚಾರ್ಯ ಅತ್ರೆ ಚೌಕ್ ನಿಲ್ದಾಣದೊಳಗೇ ನೀರು ನುಗ್ಗಿತ್ತು. ಕಲ್ಯಾಣ, ಡೊಂಬಿವಲಿ ಕಡೆಯ ಮೆಟ್ರೊ ಮಾರ್ಗಗಳ ಕಂಬಗಳು ಏಳುತ್ತಿವೆ.

ನಿಮ್ಮ ಎರಡನೇ ದಾರಿ

ಊರಿನ ಲೆಕ್ಕ ಅಷ್ಟಾಯಿತು, ನಮ್ಮ ಲೆಕ್ಕ? ಮನೆಯಿಂದ ಕಚೇರಿಗೆ ಹೋಗುವ ದಾರಿಯಲ್ಲಿ ಗಾಡಿ ಬದಲಿಸಬಹುದಾದ ನಿಲ್ದಾಣಗಳನ್ನು ಮೊದಲು ಗುರುತು ಮಾಡಿಕೊಳ್ಳಿ. ಮಧ್ಯ ಮಾರ್ಗದವರಿಗೆ ಥಾಣೆ, ಘಾಟ್ಕೋಪರ್, ಕುರ್ಲಾ, ದಾದರ್. ಆಮೇಲೆ ಕೇಳಿಕೊಳ್ಳಬೇಕಾದ್ದು, ತೊಂದರೆಯ ಜಾಗಕ್ಕಿಂತ ಮೊದಲು ಇಳಿಯಲು ಸಾಧ್ಯವೇ? ಕುರ್ಲಾದಲ್ಲಿ ನೀರು ಎಂಬ ಸುದ್ದಿ ಘಾಟ್ಕೋಪರ್‌ಗೆ ಮುಂಚೆ ಸಿಕ್ಕಿದರೆ ಮಾತ್ರ ಉಪಯೋಗ. ಕುರ್ಲಾದಲ್ಲಿ ನಿಂತ ಗಾಡಿಯೊಳಗೆ ಅದು ಸಿಕ್ಕಿದರೆ ಏನು ಬಂತು! ಹಾಗೆಯೇ, ಎರಡನೇ ದಾರಿ ಮೊದಲನೆಯದರ ಜೊತೆಗೇ ಮುಳುಗುವಂಥದ್ದಾದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮುಖ್ಯ ಮಾರ್ಗಕ್ಕೆ ಹಾರ್ಬರ್ ಬದಲಿಯಾಗದಿರುವುದು ಇದಕ್ಕೇ.

ಶೆಟ್ಟರ ಬಳಿ ಒಂದು ಹಳೆಯ ಕಿಸೆ ಡೈರಿ ಇದೆ. ತುಂಬ ಲೋಕಲ್ ಸಮಯಗಳು. ಡೊಂಬಿವಲಿಯಿಂದಲೇ ಹೊರಡುವ ಗಾಡಿಗಳಿಗೆ ಕೆಂಪು ಗೆರೆ, ರಾತ್ರಿಯ ಕೊನೆಯ ಕರ್ಜತ್ ಗಾಡಿಗೆ ಎರಡು ಗೆರೆ. ಯಕ್ಷಗಾನಕ್ಕೆ ಹೋದಾಗ ಭಾಗವತರು ಮಂಗಳ ಹಾಡುವ ಮೊದಲೇ ಏಳಬೇಕಾಗಿ ಬರುತ್ತಿದ್ದದ್ದು ಆ ಗಾಡಿಗಾಗಿ. ಈಗ ಅವರ ಮಗಳು ಅಂಧೇರಿಯಲ್ಲಿ ಕೆಲಸಕ್ಕಿದ್ದಾಳೆ. ಡೈರಿಯ ಕೊನೆಯ ಪುಟದಲ್ಲಿ, ಮೊನ್ನೆ ಜೂನ್ ಶುರುವಾಗುವ ಮುಂಚೆ, ಅವಳಿಗಾಗಿ ಬರೆದಿದ್ದರು: "ಘಾಟ್ಕೋಪರ್ ಮೆಟ್ರೊ. ಅದೂ ತುಂಬಿದ್ದರೆ ಅಲ್ಲೇ ಪೂರ್ವಕ್ಕೆ ಇಳಿದು ಚಿಕ್ಕಮ್ಮನ ಮನೆ. ಫೋನು ಮಾಡು, ಊಟ ಹಾಕುತ್ತಾಳೆ."